ಅಡ್ಡ ಬೆಳೆದ ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆ: ಸಕ್ಕರೆ ಕಾಯಿಲೆ, ಹೃದಯದ ಮಾತ್ರೆ ಮತ್ತು ಕವಳದ ಅಭ್ಯಾಸ ಇರುವವರ ಆರೈಕೆ ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 61 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಅವರ ಕೆಳದವಡೆಯ ಬಲಭಾಗದ ಬುದ್ಧಿಹಲ್ಲು ನೆಟ್ಟಗೆ ಮೇಲೆ ಬಾರದೆ ಮುಂದಿನ ಹಲ್ಲಿಗೆ ಒರಗಿ ಅಡ್ಡ ಮಲಗಿದೆ. ಆ ಸಂದಿಯಲ್ಲಿ ಅನ್ನದ ಅಗುಳು ಸಿಕ್ಕಿಕೊಂಡು ಮುಂದಿನ ದವಡೆಹಲ್ಲು ಕೂಡ ಹುಳುಕಾಗತೊಡಗಿದೆ. ಒಸಡು ಊದಿ, ಬಾಯಿ ತೆರೆಯಲಾರದೆ ಗಂಜಿಯ ಮೇಲೆ ದಿನ ಕಳೆದದ್ದೂ ಉಂಟು. ಶಿವಮೊಗ್ಗದ ವೈದ್ಯರು ಇಡೀ ದವಡೆಯ ಎಕ್ಸ್-ರೇ ತೆಗೆಸಿ, ಒಸಡನ್ನು ಬಿಡಿಸಿ, ಹಲ್ಲನ್ನು ತುಂಡು ಮಾಡಿ ತೆಗೆಯಬೇಕಾಗುತ್ತದೆ ಎಂದು ತಿಳಿಸಿ ಮುಂದಿನ ವಾರ ಬರಲು ಹೇಳಿದ್ದಾರೆ.

ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ; ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇವಿಸುತ್ತಾರೆ. ಮೂರು ವರ್ಷಗಳ ಹಿಂದೆ ಹೃದಯಕ್ಕೆ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಹಾಕಿದ್ದು, ದಿನಕ್ಕೊಂದು ಆಸ್ಪಿರಿನ್ 75 ಮಾತ್ರೆ ನಡೆಯುತ್ತಿದೆ. ಇವೆಲ್ಲವನ್ನೂ ವೈದ್ಯರಿಗೆ ತಿಳಿಸಿದ್ದೇವೆ. ಕವಳದ ಅಭ್ಯಾಸವೂ ಇದೆ. ಎಲೆ, ಅಡಿಕೆ, ಸುಣ್ಣದ ಜೊತೆಗೆ ಹೊಗೆಸೊಪ್ಪಿನ ಎಸಳು ಇಲ್ಲದಿದ್ದರೆ ಅವರಿಗೆ ತೋಟಕ್ಕೆ ಹೋಗಲು ಕಾಲೇ ಏಳುವುದಿಲ್ಲ.

ಆಸ್ಪತ್ರೆಯಲ್ಲಿ ಕೊಟ್ಟ ಇಂಗ್ಲಿಷ್ ಚೀಟಿಯನ್ನು ನಾನು ಓದಿ ಹೇಳಿದೆ. ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಬಳಸಬಾರದು, ಬಿಸಿ ಪದಾರ್ಥ ಬೇಡ ಎಂದು ಸಾಲಾಗಿ ಬರೆದಿದ್ದಾರೆಯೇ ಹೊರತು ಯಾವುದಕ್ಕೂ ಕಾರಣ ಕೊಟ್ಟಿಲ್ಲ. "ಉಗುಳಬಾರದು ಅಂದರೆ ರಕ್ತ ನುಂಗಬೇಕಾ?" ಎಂಬುದು ತಂದೆಯವರ ಮೊದಲ ಪ್ರಶ್ನೆ. ಕಾರಣ ತಿಳಿದರೆ ಅಚ್ಚುಕಟ್ಟಾಗಿ ಪಾಲಿಸುವ, ತಿಳಿಯದಿದ್ದರೆ ತಮಗೆ ಸರಿ ಕಂಡಂತೆ ಮಾಡುವ ಸ್ವಭಾವ ಅವರದು.

ಇದರ ಜೊತೆಗೆ ನೆಂಟರಿಷ್ಟರ ಸಲಹೆಗಳು ಬೇರೆ. ಆಸ್ಪಿರಿನ್ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಬೇಕು, ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಬಾವು ಬಂದರೆ ಉಪ್ಪಿನ ಗಂಟಿನಿಂದ ಶಾಖ ಕೊಡಬೇಕು, ಗಾಯ ಒಣಗುವ ತನಕ ನಂಜಿನ ಪದಾರ್ಥ ಮುಟ್ಟಬಾರದು ಎನ್ನುತ್ತಾರೆ. ದವಡೆಹಲ್ಲು ತೆಗೆಸಿದರೆ ಕಣ್ಣು ಮಂಜಾಗುತ್ತದೆ ಎಂದು ಅತ್ತೆಯವರು ಹೆದರಿಸಿದ್ದಾರೆ. ತಿಳಿದವರು ಕಾರಣಸಹಿತ ವಿವರಿಸಿದರೆ ಉಪಕಾರವಾಗುತ್ತದೆ.

ದವಡೆ ವೈದ್ಯೆ

ನಾನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ತಂದೆಯವರ ವಿಷಯದಲ್ಲಿ ಅವರನ್ನು ಪರೀಕ್ಷಿಸಿದ ವೈದ್ಯರ ಮಾತೇ ಅಂತಿಮ. ಆ ಮಾತಿನ ಹಿಂದಿರುವ ಕಾರಣಗಳನ್ನಷ್ಟೇ ನಾನು ಇಲ್ಲಿ ಬರೆಯುತ್ತೇನೆ.

ಹಲ್ಲು ತೆಗೆದ ಜಾಗದಲ್ಲಿ ದವಡೆಯ ಮೂಳೆಯೊಳಗೆ ಒಂದು ಗುಳಿ ಉಳಿಯುತ್ತದೆ. ಅದು ರಕ್ತದಿಂದ ತುಂಬಿ, ಆ ರಕ್ತ ಹೆಪ್ಪುಗಟ್ಟಿ, ತೆರೆದುಕೊಂಡ ಮೂಳೆಯನ್ನೂ ಅಲ್ಲಿನ ನರದ ತುದಿಗಳನ್ನೂ ಮುಚ್ಚುತ್ತದೆ. ಮುಂದೆ ಹೊಸ ರಕ್ತನಾಳ, ಹೊಸ ಅಂಗಾಂಶ ಬೆಳೆಯುವುದು ಈ ಹೆಪ್ಪಿನ ಒಳಗೇ. ಮೇಲಿನ ಒಸಡು ಕೂಡಿಕೊಳ್ಳಲು ಮೂರು ನಾಲ್ಕು ವಾರಗಳು, ಒಳಗಿನ ಗುಳಿ ಮೂಳೆಯಿಂದ ತುಂಬಿಕೊಳ್ಳಲು ಹಲವು ತಿಂಗಳುಗಳು ಬೇಕಾಗುತ್ತವೆ. ನಿಮ್ಮ ಚೀಟಿಯಲ್ಲಿರುವ ನಿಷೇಧಗಳಲ್ಲಿ ಬಹುಪಾಲು ಈ ಹೆಪ್ಪನ್ನು ಮೊದಲ ಒಂದೆರಡು ದಿನ ಉಳಿಸಿಕೊಳ್ಳುವುದಕ್ಕಾಗಿಯೇ ಇರುವಂಥವು. ಹೆಪ್ಪು ಹಾಕಿಟ್ಟ ಹಾಲಿನ ಪಾತ್ರೆಯನ್ನು ಮತ್ತೆ ಮತ್ತೆ ಅಲುಗಾಡಿಸಿದರೆ ಮೊಸರು ಕೂಡುವುದಿಲ್ಲ ಎಂಬುದು ನಿಮ್ಮ ತಂದೆಯವರಿಗೆ ಗೊತ್ತಿರುವ ವಿಷಯವೇ, ಇಲ್ಲಿಯೂ ಅಷ್ಟೇ.

ಉಗುಳುವಾಗ ನಾವು ಕೆನ್ನೆಯನ್ನು ಒಳಕ್ಕೆಳೆದುಕೊಂಡು ಬಾಯೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತೇವೆ, ಆ ಸೆಳೆತಕ್ಕೆ ಹೆಪ್ಪು ಕಿತ್ತು ಬರಬಹುದು. ಸ್ಟ್ರಾದಲ್ಲಿ ಎಳನೀರು ಹೀರುವುದೂ ಬೀಡಿ ಎಳೆಯುವುದೂ ಇದೇ ಕಾರಣಕ್ಕೆ ಬೇಡ. ಇನ್ನು ರಕ್ತ ನುಂಗುವ ಪ್ರಶ್ನೆ. ಮೊದಲ ದಿನ ಜೊಲ್ಲಿನಲ್ಲಿ ರಕ್ತದ ಬಣ್ಣ ಕಾಣುವುದು ಸಹಜ. ಚೂರು ರಕ್ತ ಬಾಯಿ ತುಂಬಾ ಜೊಲ್ಲಿಗೆ ಬೆರೆತಾಗ ನೋಡುವವರಿಗೆ ಬಹಳ ಹೋದಂತೆ ಅನ್ನಿಸುತ್ತದೆ. ಅಷ್ಟನ್ನು ನುಂಗಿದರೆ ಯಾವ ಅಪಾಯವೂ ಇಲ್ಲ. ನುಂಗಲು ಹೇಸಿಗೆಯಾದರೆ ಬೋಗುಣಿಯೊಂದರ ಮೇಲೆ ತಲೆ ಬಗ್ಗಿಸಿ, ಬಾಯಿ ತೆರೆದು, ತಾನಾಗಿ ಇಳಿದುಹೋಗಲು ಬಿಡಬೇಕು, ರಭಸದಿಂದ ಉಗುಳಬಾರದು.

ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಗಾಯದ ಮೇಲೆ ಗಾಜ್ ಬಟ್ಟೆಯ ಉಂಡೆಯಿಟ್ಟು ಕಚ್ಚಿಕೊಳ್ಳಲು ಹೇಳುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಮಾತನಾಡದೆ, ಹಲ್ಲಿನ ಒತ್ತಡ ಸಡಿಲಿಸದೆ ಕಚ್ಚಿ ಹಿಡಿಯಬೇಕು. ಐದು ನಿಮಿಷಕ್ಕೊಮ್ಮೆ ಅದನ್ನು ಹೊರತೆಗೆದು ಮೊಬೈಲ್ ಬೆಳಕಿನಲ್ಲಿ ಗಾಯ ನೋಡಿಕೊಳ್ಳುವ ರೋಗಿಗಳು ನಮ್ಮ ವಿಭಾಗದ ಹೊರಗಿನ ಬೆಂಚಿನಲ್ಲೇ ದಿನವೂ ಕಾಣಸಿಗುತ್ತಾರೆ. ನೋಡಿದ ಪ್ರತಿಸಲವೂ ಬಟ್ಟೆಗೆ ಅಂಟಿದ ಎಳೆಯ ಹೆಪ್ಪು ಕಿತ್ತುಹೋಗಿ ರಕ್ತ ಹೊಸದಾಗಿ ಶುರುವಾಗುತ್ತದೆ.

ಆಸ್ಪಿರಿನ್ ವಿಷಯದಲ್ಲಿ ನೆಂಟರ ಮಾತನ್ನು ದಯವಿಟ್ಟು ಕೇಳಬೇಡಿ. ಹಿಂದೆ ವಾರ ಮೊದಲೇ ನಿಲ್ಲಿಸುವ ಪದ್ಧತಿ ಇದ್ದದ್ದು ನಿಜ. ಈಗಿನ ಮಾರ್ಗಸೂಚಿಗಳು ಹಲ್ಲು ತೆಗೆಯುವುದಕ್ಕಾಗಿ ಆಸ್ಪಿರಿನ್ ನಿಲ್ಲಿಸಬಾರದು ಎನ್ನುತ್ತವೆ. ಮಾತ್ರೆ ಮುಂದುವರಿದರೆ ರಕ್ತ ನಿಲ್ಲಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ, ಅದನ್ನು ಒತ್ತಡ, ಹೊಲಿಗೆ, ಗುಳಿಯೊಳಗೆ ಇಡುವ ಸ್ಪಂಜುಗಳಿಂದ ನಿಭಾಯಿಸಬಹುದು. ಮಾತ್ರೆ ನಿಲ್ಲಿಸಿ ಸ್ಟೆಂಟ್‌ನೊಳಗೆ ರಕ್ತ ಗಟ್ಟಿದರೆ ಪ್ರಾಣಕ್ಕೇ ಸಂಚಕಾರ. ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ ಕ್ಲೊಪಿಡೊಗ್ರೆಲ್ ಸಹ ಇದೆಯೇ ಎಂದು ಮಾತ್ರೆಯ ಹಾಳೆಯನ್ನು ಇನ್ನೊಮ್ಮೆ ನೋಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಸೇವಿಸುವವರ ಲೆಕ್ಕವೇ ಬೇರೆ; ಅವರಿಗೆ ಶಸ್ತ್ರಚಿಕಿತ್ಸೆಯ ಹತ್ತಿರದ ದಿನದಲ್ಲಿ ಐಎನ್‌ಆರ್ ರಕ್ತಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದರ ಅಳತೆ) ಮಾಡಿಸಿ, ಅದು 4ಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದುವರಿಯುತ್ತೇವೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ನಾವು ಕೂಡ ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸುವುದಿಲ್ಲ.

ಖಾಲಿ ಹೊಟ್ಟೆ ಬೇಕಾಗುವುದು ಪೂರ್ಣ ಅರಿವಳಿಕೆಗೆ ಅಥವಾ ನಿದ್ರೆ ಬರಿಸುವ ಔಷಧಿ ಕೊಡುವಾಗ. ನಿಮ್ಮ ತಂದೆಯವರಿಗೆ ದವಡೆಗೆ ಮಾತ್ರ ಜೋಮು ಹಿಡಿಸುವ ಚುಚ್ಚುಮದ್ದು ಎಂದಾದರೆ, ಬೆಳಗಿನ ತಿಂಡಿ ತಿಂದು, ಸಕ್ಕರೆಯ ಮಾತ್ರೆ ಸೇವಿಸಿಯೇ ಬರಬೇಕು. ಸಕ್ಕರೆ ಕಾಯಿಲೆಯವರಿಗೆ ಬೆಳಗಿನ ಸಮಯವನ್ನೇ ಕೇಳಿ ಪಡೆಯುವುದು ಒಳ್ಳೆಯದು. ಚುಚ್ಚುಮದ್ದಿನ ಜೋಮು ತುಟಿ, ನಾಲಿಗೆಗಳಲ್ಲಿ ಮೂರು ನಾಲ್ಕು ಗಂಟೆ ಉಳಿಯುತ್ತದೆ. ಅಷ್ಟು ಹೊತ್ತು ಬಿಸಿ ಕಾಫಿ ಬೇಡ, ಸುಟ್ಟದ್ದು ತಿಳಿಯುವುದಿಲ್ಲ. ತುಟಿ ಕಚ್ಚಿಕೊಂಡರೂ ತಿಳಿಯುವುದಿಲ್ಲ. ಮರುದಿನ ಬೆಳಿಗ್ಗೆಯೂ ಕೆಳತುಟಿ ಅಥವಾ ನಾಲಿಗೆಯ ಅರ್ಧಭಾಗ ಜೋಮಾಗಿಯೇ ಇದ್ದರೆ ವೈದ್ಯರಿಗೆ ತಿಳಿಸಿ. ಬುದ್ಧಿಹಲ್ಲಿನ ಬೇರಿನ ಸಮೀಪವೇ ಕೆಳದವಡೆಯ ನರ ಹಾದುಹೋಗುತ್ತದೆ, ನಾಲಿಗೆಯ ನರವೂ ಪಕ್ಕದಲ್ಲೇ ಇದೆ. ಅವು ಘಾಸಿಗೊಂಡರೆ ಬಹುತೇಕರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ, ಅಪರೂಪಕ್ಕೆ ಉಳಿದುಬಿಡುವುದೂ ಉಂಟು. ಇಡೀ ದವಡೆಯ ಎಕ್ಸ್-ರೇ ತೆಗೆಸಿದ್ದರ ಮುಖ್ಯ ಉದ್ದೇಶಗಳಲ್ಲಿ ಬೇರಿಗೂ ನರಕ್ಕೂ ಇರುವ ಅಂತರವನ್ನು ನೋಡುವುದೂ ಒಂದು. ಎಷ್ಟು ಹತ್ತಿರವಿದೆ ಎಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಿ.

ಶಾಖದ ಬಗ್ಗೆ: ಮೊದಲ ದಿನ ಶಾಖ ಕೊಡಲೇಬಾರದು. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತವೂ ಬಾವೂ ಹೆಚ್ಚುತ್ತವೆ. ಮಂಜುಗಡ್ಡೆಯನ್ನು ಟವೆಲಿನಲ್ಲಿ ಸುತ್ತಿ, ಹೊರಗಿನಿಂದ ಕೆನ್ನೆಯ ಮೇಲೆ 15-20 ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಟ್ಟು, ಮತ್ತೆ ಇಡಬೇಕು. ಇಷ್ಟು ಮಾಡಿದರೂ ಬಾವು ಬಂದೇ ಬರುತ್ತದೆ. ಎರಡನೆಯ, ಮೂರನೆಯ ದಿನ ಅದು ಅತಿ ಹೆಚ್ಚಿರುತ್ತದೆ, ಆಮೇಲೆ ಇಳಿಯುತ್ತದೆ. ಇದು ಮೊದಲೇ ಗೊತ್ತಿಲ್ಲದ ಮನೆಯವರು ಮೂರನೆಯ ದಿನ ಗಾಬರಿಯಾಗಿ ಓಡಿಬರುತ್ತಾರೆ. ಬಾಯಿ ಪೂರ್ತಿ ತೆರೆಯಲಾಗದಂತೆ ದವಡೆ ಬಿಗಿಯುವುದೂ ಆ ದಿನಗಳಲ್ಲಿ ಸಹಜವೇ.

ಮುಕ್ಕಳಿಸುವುದು 24 ಗಂಟೆಗಳ ನಂತರ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಸಾಕು. ಪ್ರತಿಸಲ ಊಟವಾದ ಮೇಲೆ ಆ ನೀರನ್ನು ಬಾಯಲ್ಲಿ ಇಟ್ಟುಕೊಂಡು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಸುಮ್ಮನೆ ಬೀಳಿಸಬೇಕು. ಬೆಳಗಿನ ಹೊತ್ತು ಬಚ್ಚಲಲ್ಲಿ ಕ್ಯಾಕರಿಸಿ ಮುಕ್ಕಳಿಸುವ ನಮ್ಮ ಪದ್ಧತಿ ಒಂದು ವಾರ ಬೇಡ. ಉಳಿದ ಹಲ್ಲುಗಳನ್ನು ಮರುದಿನದಿಂದಲೇ ಮೆತ್ತಗಿನ ಬ್ರಷ್‌ನಿಂದ ಉಜ್ಜಬೇಕು. ಗಾಯ ಇದೆಯೆಂದು ಬಾಯಿಯನ್ನೇ ತೊಳೆಯದಿದ್ದರೆ ಸೋಂಕಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಕಣ್ಣಿನ ಬಗ್ಗೆ ಅತ್ತೆಯವರು ನಿಶ್ಚಿಂತೆಯಿಂದಿರಲಿ. ನೋಟಕ್ಕೆ ಸಂಬಂಧಿಸಿದ್ದು ಮಿದುಳಿನ ಎರಡನೆಯ ನರ. ಹಲ್ಲುಗಳಿಗೆ ಬರುವುದು ಐದನೆಯ ನರದ ಕವಲುಗಳು. ಹಲ್ಲು ತೆಗೆಸಿಕೊಳ್ಳುವ ವಯಸ್ಸೂ ಕಣ್ಣಿಗೆ ಪೊರೆ ಬರುವ ವಯಸ್ಸೂ ಬಹಳ ಮಂದಿಯಲ್ಲಿ ಒಂದೇ ಆಗಿರುವುದರಿಂದ ಈ ನಂಬಿಕೆ ಉಳಿದುಕೊಂಡಿದೆ ಎಂದು ನನ್ನ ಅನಿಸಿಕೆ.

ಹಾವೇರಿ ಓದುಗ

ವೈದ್ಯೆಯವರು ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಹೆಪ್ಪು ಕಳಚಿಹೋದಾಗ ಆಗುವ ನೋವು ಎಂಥದ್ದು ಎಂಬುದನ್ನು ಅನುಭವಿಸಿದವನಾಗಿ ನಾನು ಸೇರಿಸುತ್ತೇನೆ, ಏಕೆಂದರೆ ಆ ನೋವು ಬಂದಾಗ ಅದನ್ನು ಗುರುತಿಸಿದರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ.

ನಾನು ಬೀಡಿ ಸಿಗರೇಟು ಸೇದುವವನಲ್ಲ, ಚೀಟಿಯಲ್ಲಿದ್ದದ್ದನ್ನು ಅಕ್ಷರಶಃ ಪಾಲಿಸಿದ್ದೆ. ಹಾಗಿದ್ದೂ, ನೋವು ಇಳಿಯುತ್ತ ಬಂದು ಇನ್ನೇನು ಹೋಯಿತು ಎನ್ನುವ ಹೊತ್ತಿಗೆ ಮತ್ತೆ ಏರತೊಡಗಿತು. ಈ ಸಲ ಅದು ಗಾಯದ ಜಾಗದಲ್ಲಿ ನಿಲ್ಲದೆ ಕಿವಿಗೂ ಕಪಾಳಕ್ಕೂ ಸೆಳೆಯುತ್ತಿತ್ತು. ಬಾಯಲ್ಲಿ ಕೆಟ್ಟ ವಾಸನೆ, ಮಾತ್ರೆ ನುಂಗಿದರೂ ನಿದ್ದೆಯಿಲ್ಲ. ಬಾವು ಮಾತ್ರ ಹೆಚ್ಚಿರಲಿಲ್ಲ, ಜ್ವರವೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಪ್ಪುಗೆಂಪಗೆ ಕಾಣಬೇಕಿದ್ದ ಗುಳಿ ಖಾಲಿಯಾಗಿ, ತಳದಲ್ಲಿ ಬೂದುಬಣ್ಣದ ಮೂಳೆ ಕಾಣುತ್ತಿತ್ತು. ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ, ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದ ನಡುವೆ, ಮೇಲ್ದವಡೆಗಿಂತ ಕೆಳದವಡೆಯಲ್ಲಿ ಹೆಚ್ಚಾಗಿ ಬರುತ್ತದೆ ಎಂದು ವೈದ್ಯರು ಹೇಳಿದರು. ತಂಬಾಕು ಬಳಸುವವರಲ್ಲಿ ಇದರ ಸಂಭವ ಹೆಚ್ಚು. ಎಲ್ಲ ಪಥ್ಯ ಮಾಡಿದವರಿಗೂ ಬರಬಹುದು.

ಚಿಕಿತ್ಸೆ ಮಾತ್ರ ಬಹಳ ಸರಳವಾಗಿತ್ತು. ಸಿರಿಂಜಿನಲ್ಲಿ ಬೆಚ್ಚಗಿನ ಸಲೈನ್ ತುಂಬಿ ಗುಳಿಯನ್ನು ತೊಳೆದರು, ಒಳಗಿನಿಂದ ಒಂದಿಷ್ಟು ಆಹಾರದ ಚೂರು ಹೊರಬಂತು. ಆಮೇಲೆ ಲವಂಗದ ಎಣ್ಣೆಯ ಘಾಟು ಬರುವ ಔಷಧಿಯಲ್ಲಿ ಅದ್ದಿದ ಕಿರಿದಾದ ಬಟ್ಟೆಯ ಪಟ್ಟಿಯನ್ನು ಇಕ್ಕಳದಿಂದ ಮಡಚಿ ಮಡಚಿ ಗುಳಿಯೊಳಗೆ ಕೂರಿಸಿದರು. ಔಷಧಿ ಅಂಗಡಿಯಿಂದ ಹೊರಬರುವಷ್ಟರಲ್ಲಿ ನೋವು ಹಿಡಿತಕ್ಕೆ ಬಂದಿತ್ತು. ಮುಂದೆ ಪಟ್ಟಿ ಬದಲಿಸಲು ಮತ್ತೆ ಹೋಗಬೇಕಾಯಿತು.

ಇದನ್ನು ಓದಿ ಯಾರೂ ಮನೆಯಲ್ಲೇ ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಗುಳಿಗೆ ತುರುಕುವುದು ಬೇಡ. ಹಸಿ ಎಣ್ಣೆ ಒಸಡನ್ನು ಸುಡುತ್ತದೆ, ಹತ್ತಿಯ ಎಳೆ ಒಳಗೇ ಉಳಿದರೆ ಅದು ಬೇರೆ ತಾಪತ್ರಯ.

ಔಷಧಾಲಯ ಹಾಸನ

ನೋವಿನ ಮಾತ್ರೆಯ ಬಗ್ಗೆ ಯಾರೂ ಬರೆಯದಿರುವುದರಿಂದ ಬರೆಯುತ್ತಿದ್ದೇನೆ, ಏಕೆಂದರೆ ತುಂಗಾತೀರ ಅವರ ತಂದೆಯವರ ವಿಷಯದಲ್ಲಿ ಎಚ್ಚರ ಬೇಕಾದದ್ದು ಇಲ್ಲಿಯೇ. "ಹಲ್ಲುನೋವಿಗೆ ಒಂದು ಒಳ್ಳೆಯ ಮಾತ್ರೆ ಕೊಡಿ" ಎಂದು ಬರುವವರಿಗೆ ನಮ್ಮ ಕಡೆಯ ಅಂಗಡಿಗಳಲ್ಲಿ ಡೈಕ್ಲೋಫೆನಾಕ್ ಬೆರೆತ ಮಾತ್ರೆಯನ್ನು ಚೀಟಿಯಿಲ್ಲದೆ ಕತ್ತರಿಸಿ ಕೊಡುವುದುಂಟು. ಹೃದಯದ ರಕ್ತನಾಳದ ಕಾಯಿಲೆ ಇರುವವರಿಗೆ ಡೈಕ್ಲೋಫೆನಾಕ್ ಕೊಡಬಾರದೆಂದು ಐರೋಪ್ಯ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಹೇಳಿದೆ. ಐಬುಪ್ರೊಫೆನ್ ಆಸ್ಪಿರಿನ್‌ಗೆ ಅಡ್ಡಬಂದು, ಹೃದಯಕ್ಕೆ ಅದು ಕೊಡುವ ರಕ್ಷಣೆಯನ್ನು ಕುಗ್ಗಿಸಬಲ್ಲದು. ಆದುದರಿಂದ ಸ್ಟೆಂಟ್ ಇರುವವರಿಗೆ ಸಾಮಾನ್ಯವಾಗಿ ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಅದು ಸಾಲದಿದ್ದರೆ ಮುಂದೇನು ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಬೇಕು. ನಮ್ಮ ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನವಾಗುವ ವಿಷಯ ಅದಲ್ಲ.

ಡೋಲೊ, ಕ್ಯಾಲ್ಪಾಲ್ ಎರಡೂ ಪ್ಯಾರಾಸಿಟಮಾಲೇ. ಹೆಸರು ಬೇರೆ ಎಂದು ಎರಡನ್ನೂ ನುಂಗಿ, ಜೊತೆಗೆ ಪ್ಯಾರಾಸಿಟಮಾಲ್ ಬೆರೆತ ಇನ್ನೊಂದು ನೋವಿನ ಮಾತ್ರೆಯನ್ನೂ ನುಂಗುವವರಿದ್ದಾರೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ ಒಟ್ಟು 4 ಗ್ರಾಂ ಮೀರಬಾರದು, ಮೀರಿದರೆ ಯಕೃತ್ತಿಗೆ ಹಾನಿ. ಮೊದಲ ಮಾತ್ರೆಯನ್ನು ಜೋಮು ಪೂರ್ತಿ ಬಿಡುವ ಮೊದಲೇ ಕೊಟ್ಟರೆ ನೋವು ಹಿಡಿತದಲ್ಲಿರುತ್ತದೆ.

ಆಂಟಿಬಯೋಟಿಕ್ ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಮುಗಿಸಬೇಕು. ಮೆಟ್ರೊನಿಡಜೋಲ್ ಇದ್ದರೆ ಬಾಯಲ್ಲಿ ಲೋಹದ ರುಚಿ ಬರುತ್ತದೆ, ಆ ದಿನಗಳಲ್ಲಿ ಮದ್ಯ ಬೇಡ. ಕ್ಲೋರ್‌ಹೆಕ್ಸಿಡಿನ್ ಬಾಯಿತೊಳೆಯುವ ದ್ರಾವಣವನ್ನು ಬಹಳ ದಿನ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಹೇಳಿದ ದಿನಕ್ಕೆ ನಿಲ್ಲಿಸಿ.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮೆಲ್ಲರ ಉತ್ತರಗಳನ್ನು ನಿನ್ನೆ ರಾತ್ರಿ ತಂದೆಯವರಿಗೆ ಓದಿ ಹೇಳಿದೆ. ಹೆಪ್ಪಿನ ವಿಷಯ ಅವರ ಮನಸ್ಸಿಗೆ ಹಿಡಿಸಿತು, ಆಸ್ಪಿರಿನ್ ಮುಂದುವರಿಸಲು ಒಪ್ಪಿದ್ದಾರೆ. ಕವಳದ ಬಗ್ಗೆ ಮಾತ್ರ ಚೌಕಾಶಿ ನಡೆಯುತ್ತಿದೆ. ಹೊಗೆಸೊಪ್ಪು ಬಿಟ್ಟು ಬರೀ ಎಲೆ-ಅಡಿಕೆಯನ್ನು ಎಡಗಡೆಯ ದವಡೆಯಲ್ಲಿ ಹಾಕಿಕೊಂಡರೆ ಏನಾಗುತ್ತದೆ ಎಂದು ಕೇಳುತ್ತಾರೆ. ಅಡಿಕೆ ಕೊನೆ (ಗೊನೆ) ಕೊಯ್ಲು ಹತ್ತಿರ ಬಂದಿದೆ, ಎಷ್ಟು ದಿನಕ್ಕೆ ತೋಟಕ್ಕೆ ಇಳಿಯಬಹುದು ಎಂಬುದು ಎರಡನೆಯ ಪ್ರಶ್ನೆ. ಅಡುಗೆಯಲ್ಲಿ ಏನು ಮಾಡಿಕೊಡಬೇಕು ಎಂದು ಅಮ್ಮ ಕೇಳುತ್ತಿದ್ದಾರೆ.

ಶುಶ್ರೂಷಕಿ ಧಾರವಾಡ

ಅಡುಗೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ವಾರ್ಡಿನಲ್ಲಿ ನಾವು ಹೆಚ್ಚಾಗಿ ಕಾಣುವ ತೊಂದರೆ ಸಕ್ಕರೆ ಏರುವುದಲ್ಲ, ದಿಢೀರನೆ ಇಳಿಯುವುದು. ಗ್ಲಿಮೆಪಿರೈಡ್ ಹೊಟ್ಟೆಗೆ ಆಹಾರ ಬಿದ್ದಿರಲಿ ಬೀಳದಿರಲಿ ಸಕ್ಕರೆಯನ್ನು ಇಳಿಸುವ ಮಾತ್ರೆ. ನೋವೆಂದು ಎರಡು ಚಮಚ ಗಂಜಿ ಕುಡಿದು, ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದರೆ, ಎರಡು ಮೂರು ಗಂಟೆಯೊಳಗೆ ಮೈ ಬೆವರಿ, ಕೈ ನಡುಗಿ, ಮಾತು ತೊದಲಬಹುದು. ಆಗ ತಡಮಾಡದೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ, ಲೋಟದಿಂದಲೇ, ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಊಟ ಕಡಿಮೆಯಾಗುವ ದಿನಗಳಲ್ಲಿ ಮಾತ್ರೆಯ ಪ್ರಮಾಣ ಎಷ್ಟಿರಬೇಕೆಂದು ಸಕ್ಕರೆಯ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಆ ವಾರ ದಿನಕ್ಕೆರಡು ಸಲ ನೋಡಿ.

ಮಲೆನಾಡಿನ ಅಡುಗೆಮನೆಯಲ್ಲಿ ಈ ಸಂದರ್ಭಕ್ಕೆ ಹೇಳಿ ಮಾಡಿಸಿದ ಪದಾರ್ಥಗಳು ಬೇಕಾದಷ್ಟಿವೆ. ತಂಬುಳಿಯನ್ನು ಮೆತ್ತಗೆ ಹಿಸುಕಿದ ಅನ್ನದೊಂದಿಗೆ ಕಲಸಿ ಕೊಡಿ, ಮೆಣಸು ಹಾಕದೆ, ಒಗ್ಗರಣೆಯಿಲ್ಲದೆ. ಒಗ್ಗರಣೆ ಬೇಡ ಎನ್ನುವುದಕ್ಕೆ ಕಾರಣ ಸಾಸಿವೆ ಕಾಳು. ಎಳ್ಳು, ಸಾಸಿವೆ, ರವೆಯಂಥ ಸಣ್ಣ ಕಾಳುಗಳು ಗುಳಿಯೊಳಗೆ ಇಳಿದರೆ ಹೊರಬರುವುದು ಕಷ್ಟ. ಆರಿಸಿದ ರಾಗಿ ಅಂಬಲಿ, ನೀರುಮಜ್ಜಿಗೆ, ತೊವ್ವೆಯಲ್ಲಿ ನೆನೆಸಿದ ಇಡ್ಲಿ, ತಿನ್ನುವವರಾದರೆ ಮೊಟ್ಟೆ, ಇವೆಲ್ಲ ಆಗುತ್ತವೆ. ಬರೀ ಗಂಜಿನೀರಿನಲ್ಲಿ ದಿನ ನೂಕಬೇಡಿ, ಗಾಯ ಕೂಡಲು ಬೇಳೆ, ಮೊಸರುಗಳ ಸಾರ ಬೇಕು. ಚಕ್ಕುಲಿ, ಹುರಿದ ಅವಲಕ್ಕಿ, ಹಪ್ಪಳ ಎರಡು ವಾರ ದೂರವಿರಲಿ.

ನಂಜಿನ ಪದಾರ್ಥದ ಮಾತು ನಮ್ಮ ವಾರ್ಡಿನಲ್ಲೂ ಪ್ರತಿದಿನ ಬರುತ್ತದೆ. ಬದನೆಕಾಯಿಯಿಂದಾಗಲಿ ಮೊಸರಿನಿಂದಾಗಲಿ ಗಾಯದಲ್ಲಿ ಕೀವು ಆಗುವುದಿಲ್ಲ. ಕೀವು ಆಗುವುದು ರೋಗಾಣುಗಳಿಂದ, ಹತೋಟಿಯಿಲ್ಲದ ಸಕ್ಕರೆ ಅವುಗಳಿಗೆ ಅನುಕೂಲ ಮಾಡಿಕೊಡುತ್ತದೆ. ಹಿರಿಯರ ಮನಸ್ಸಿಗೆ ನೋವಾಗದಂತೆ ಬದನೆಕಾಯಿ ಬಿಟ್ಟರೆ ನಷ್ಟವೇನಿಲ್ಲ. ಅನ್ನ, ಬೇಳೆ, ಮೊಸರನ್ನೂ ಬಿಡಿಸಿ ಉಪವಾಸ ಕೆಡವಿದರೆ ನಷ್ಟವಿದೆ.

ಮೂರನೆಯ ನಾಲ್ಕನೆಯ ದಿನ ಗಾಯದ ಮೇಲೆ ಬಿಳಿ ಅಥವಾ ಹಳದಿ ಪೊರೆ ಕಟ್ಟುತ್ತದೆ. ಅದನ್ನು ಕೀವೆಂದು ತಿಳಿದು ಬಟ್ಟೆಯಿಂದ ಒರೆಸಬೇಡಿ. ಅದು ಗಾಯ ಮಾಯುವಾಗ ಬರುವ ಪೊರೆ.

ದವಡೆ ವೈದ್ಯೆ

ಕವಳದ ಚೌಕಾಶಿಗೆ ನನ್ನ ಉತ್ತರ: ಎಡಗಡೆಗೆ ಹಾಕಿಕೊಂಡರೂ ಪ್ರಯೋಜನವಿಲ್ಲ. ಕವಳದ ರಸ ಇಡೀ ಬಾಯಿಗೆ ಹರಡುತ್ತದೆ, ಅಡಿಕೆಯ ಚೂರು ನಾಲಿಗೆಯ ಮೂಲಕ ಬಲಗಡೆಗೂ ಬರುತ್ತದೆ, ಸುಣ್ಣ ಹಸಿಗಾಯವನ್ನು ಸುಡುತ್ತದೆ. ಅವೆಲ್ಲಕ್ಕಿಂತ ಮುಖ್ಯವಾಗಿ, ಕವಳ ಹಾಕಿದವರು ಉಗುಳದೆ ಇರಲಾರರು. ಜಗಲಿಯ ಅಂಚಿಗೆ ಬಂದು ಎರಡು ಬೆರಳನ್ನು ತುಟಿಗಿಟ್ಟು ಚಿಮ್ಮಿಸುವ ಆ ಉಗುಳಿಗಿಂತ ದೊಡ್ಡ ಶತ್ರು ಹೆಪ್ಪಿಗೆ ಇನ್ನೊಂದಿಲ್ಲ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸಿ, ಗಾಯಕ್ಕೆ ಬರಬೇಕಾದ ರಕ್ತವನ್ನೇ ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆಯಿಂದ ಮೊದಲೇ ನಿಧಾನವಾಗಿ ಮಾಯುವ ಗಾಯಕ್ಕೆ ಇದೂ ಸೇರಿಕೊಳ್ಳುತ್ತದೆ. ಎರಡು ವಾರ ಎಂದು ನಿಮ್ಮ ವೈದ್ಯರು ಹೇಳಿದ್ದರೆ ಅದು ಕನಿಷ್ಠ ಅವಧಿ; ನಾನಾಗಿದ್ದರೆ ಒಸಡು ಪೂರ್ತಿ ಕೂಡುವವರೆಗೆ ಎನ್ನುತ್ತಿದ್ದೆ.

ಬೆಳೆಗಾರರ ಮನೆಯವರೊಂದಿಗೆ ಈ ಮುಂದಿನ ಮಾತನ್ನು ಆಡುವುದು ನನಗೆ ಸುಲಭವಲ್ಲ, ನಾನೂ ಅಡಿಕೆಯ ಊರಿನವಳೇ. ಆದರೂ ಹೇಳಲೇಬೇಕು. ಹೊಗೆಸೊಪ್ಪು ಇಲ್ಲದ ಕವಳವೂ, ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೀರ್ಮಾನಿಸಿದೆ. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಬಿಳಿಚಿ, ನಾರುಕಟ್ಟಿ, ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುವ ಕಾಯಿಲೆಯೊಂದಿದೆ. ನಿಮ್ಮ ತಂದೆಯವರ ಬಾಯಿ ಕಿರಿದಾದದ್ದು ಒಸಡು ಊದಿದಾಗ ಮಾತ್ರವೋ, ಅಥವಾ ಊತ ಇಳಿದ ಮೇಲೂ ಹಾಗೆಯೇ ಇದೆಯೋ ನೋಡಿ. ಅವರದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ತೂರಿಸಲು ಸಾಧ್ಯವಾಗಬೇಕು. ಆಗದಿದ್ದರೆ, ಖಾರ ತಾಗಿದಾಗ ಬಾಯಿ ಉರಿಯುತ್ತಿದ್ದರೆ, ಶಸ್ತ್ರಚಿಕಿತ್ಸೆಗೆ ಮೊದಲೇ ವೈದ್ಯರ ಗಮನಕ್ಕೆ ತನ್ನಿ. ಬಾಯಿ ಎಷ್ಟು ತೆರೆಯುತ್ತದೆ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯ ಸಿದ್ಧತೆಯೇ ಬದಲಾಗುತ್ತದೆ. ಕವಳ ಹಾಕುವವರಲ್ಲಿ ಹಲ್ಲು ತೆಗೆದ ಗಾಯ ವಾರಗಳು ಕಳೆದರೂ ಕೂಡದೆ, ಅಂಚು ದಪ್ಪಗಾಗಿ, ಮುಟ್ಟಿದರೆ ರಕ್ತ ಬರುವಂತಿದ್ದರೆ ಅದನ್ನು ಮತ್ತೆ ತೊಳೆದು ಕಳುಹಿಸುವುದು ಸಲ್ಲದು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸಬೇಕು.

ಗಾಯದ ನೆಪದಲ್ಲಿ ಬಿಟ್ಟ ಕವಳವನ್ನು ಹಾಗೆಯೇ ಬಿಟ್ಟುಬಿಡುವ ಹಿರಿಯರನ್ನು ನಾನು ನೋಡಿದ್ದೇನೆ. ತಂದೆಯವರಿಗೆ ಮನಸ್ಸಿದ್ದರೆ ತಂಬಾಕಿನ ಪೊಟ್ಟಣದ ಮೇಲೆ ಅಚ್ಚಾಗಿರುವ 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ನಿಕೋಟಿನ್ ಚೂಯಿಂಗ್ ಗಮ್ ಈ ಗಾಯವಿರುವಾಗ ಬೇಡ. ಚರ್ಮಕ್ಕೆ ಅಂಟಿಸುವ ಪಟ್ಟಿ ಆಗಬಹುದೇ ಎಂಬುದನ್ನು ಹೃದಯದ ವೈದ್ಯರನ್ನು ಕೇಳಿ.

ತೋಟದ ಬಗ್ಗೆ: ಎರಡು ಮೂರು ದಿನ ಪೂರ್ತಿ ವಿಶ್ರಾಂತಿ, ಮಲಗುವಾಗ ತಲೆಗೆ ಎರಡು ದಿಂಬು. ಆಮೇಲೆ ಜಗಲಿಯಲ್ಲಿ ಕುಳಿತು ಲೆಕ್ಕ ನೋಡಿಕೊಳ್ಳಲಿ. ಕೊನೆಗಳನ್ನು ಹೊರುವುದು, ಬಗ್ಗಿ ಎತ್ತುವುದು, ಅಡಿಕೆ ಬೇಯಿಸುವ ಹಂಡೆಯ ಹಬೆಯ ಮುಂದೆ ನಿಲ್ಲುವುದು ಒಂದು ವಾರ ಬೇಡ; ಶ್ರಮ ಮತ್ತು ಬಿಸಿ ಎರಡೂ ಮುಖಕ್ಕೆ ರಕ್ತದ ಹರಿವನ್ನು ಹೆಚ್ಚಿಸುತ್ತವೆ. ಹೊಲಿಗೆ ಕಪ್ಪು ರೇಷ್ಮೆ ದಾರದ್ದಾದರೆ ಸುಮಾರು ಏಳನೆಯ ದಿನ ಬಿಚ್ಚಬೇಕು, ತಾನಾಗಿ ಕರಗುವ ದಾರವಾದರೆ ಬಿಚ್ಚುವ ಕೆಲಸವಿಲ್ಲ. ಯಾವ ದಾರ ಹಾಕಿದ್ದಾರೆ ಎಂದು ಅಂದೇ ಕೇಳಿಕೊಂಡರೆ ಶಿವಮೊಗ್ಗಕ್ಕೆ ಒಂದು ಓಡಾಟ ಉಳಿಯಬಹುದು.

ತುಂಗಾತೀರ

ಬೆರಳಿನ ಪರೀಕ್ಷೆ ಮಾಡಿ ನೋಡಿದೆವು. ಮೂರು ಬೆರಳು ಹಿಡಿಸಿತು. ಕವಳದ ಚೀಲವನ್ನು ಅಮ್ಮನ ವಶಕ್ಕೆ ಕೊಡಲು ತಂದೆಯವರು ಒಪ್ಪಿದ್ದಾರೆ, "ಸದ್ಯಕ್ಕೆ" ಎಂಬ ಮಾತನ್ನು ಒತ್ತಿ ಹೇಳಿದ್ದಾರೆ. ಕೊನೆಯ ಪ್ರಶ್ನೆ: ನಮ್ಮ ಮನೆಯಿಂದ ಶಿವಮೊಗ್ಗ 60 ಕಿ.ಮೀ.ಗಿಂತ ಹೆಚ್ಚು ದೂರ. ರಾತ್ರಿ ಹೊತ್ತಿನಲ್ಲಿ ಯಾವುದಕ್ಕೆ ಬೆಳಗಿನ ತನಕ ಕಾಯಬಹುದು, ಯಾವುದಕ್ಕೆ ಕೂಡಲೇ ಹೊರಡಬೇಕು?

ದವಡೆ ವೈದ್ಯೆ

ನೋವು ಹೆಚ್ಚಾದರೆ, ವಾಸನೆ ಬಂದರೆ, ಹೊಲಿಗೆಯೊಂದು ಬಿಚ್ಚಿಕೊಂಡರೆ, ಸಣ್ಣ ಜ್ವರವಿದ್ದರೆ ಬೆಳಗಾಗುವವರೆಗೆ ಕಾಯಬಹುದು, ಫೋನ್ ಮಾಡಿ ತಿಳಿಸಿ ಹೊರಡಿ.

ರಕ್ತ ಮತ್ತೆ ಶುರುವಾದರೆ ಮೊದಲು ಮನೆಯಲ್ಲೇ ಹೀಗೆ ಮಾಡಿ. ನೆಟ್ಟಗೆ ಕುಳ್ಳಿರಿಸಿ, ಶುಭ್ರವಾದ ಗಾಜ್ ಅಥವಾ ಒಗೆದ ಹತ್ತಿಬಟ್ಟೆಯನ್ನು ಗಟ್ಟಿಯಾಗಿ ಮಡಚಿ, ಒದ್ದೆ ಮಾಡಿ ಹಿಂಡಿ, ಗುಳಿಯ ಮೇಲೆಯೇ ಕೂರುವಂತೆ ಇಟ್ಟು, ಅರ್ಧ ಗಂಟೆ ತೆಗೆಯದೆ ಕಚ್ಚಿಸಿ. ಬಟ್ಟೆ ಹಲ್ಲುಗಳ ಮೇಲೆ ಕುಳಿತು ಗುಳಿಗೆ ತಾಗದೆ ಇರುವುದೇ ರಕ್ತ ನಿಲ್ಲದಿರಲು ಸಾಮಾನ್ಯ ಕಾರಣ. ಎರಡನೆಯ ಸಲವೂ ನಿಲ್ಲದೆ ಬಾಯಿ ತುಂಬಾ ರಕ್ತ ಬರುತ್ತಿದ್ದರೆ ಹೊರಡಬೇಕು.

ಬಾವು ಗಲ್ಲದ ಕೆಳಗೂ ಕುತ್ತಿಗೆಗೂ ಇಳಿದರೆ, ನಾಲಿಗೆಯ ಅಡಿಭಾಗ ಊದಿ ನಾಲಿಗೆ ಮೇಲೆದ್ದರೆ, ಜೊಲ್ಲು ನುಂಗಲಾಗದೆ ಸುರಿಯುತ್ತಿದ್ದರೆ, ಧ್ವನಿ ಬದಲಾಗಿ ಉಸಿರಾಡಲು ಕಷ್ಟವಾದರೆ ಒಂದು ನಿಮಿಷವೂ ಕಾಯಬಾರದು. ಅದು ದವಡೆಯ ಸೋಂಕು ಕುತ್ತಿಗೆಯ ಪದರಗಳಿಗೆ ಹರಡುತ್ತಿರುವ ಲಕ್ಷಣ, ಸಕ್ಕರೆ ಕಾಯಿಲೆಯವರಲ್ಲಿ ವೇಗವಾಗಿ ಹರಡುತ್ತದೆ. ಆಗ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಶಸ್ತ್ರಚಿಕಿತ್ಸೆ ಆದದ್ದು ಶಿವಮೊಗ್ಗದಲ್ಲಿ ಎಂದು ಅಲ್ಲಿಗೇ ತಲುಪಲು ಹಟ ಮಾಡಬೇಡಿ. ಎದೆನೋವು ಬಂದರೂ ಹಾಗೆಯೇ. ಬಿಡುಗಡೆಯ ಚೀಟಿ, ಎಕ್ಸ್-ರೇ, ಹೃದಯದ ಹಾಗೂ ಸಕ್ಕರೆಯ ಮಾತ್ರೆಗಳ ಹಾಳೆಗಳು, ಶಸ್ತ್ರವೈದ್ಯರ ಫೋನ್ ಸಂಖ್ಯೆ, ಇಷ್ಟನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ನೇತುಹಾಕಿಡಿ. ಆ ರಾತ್ರಿ ಅವರನ್ನು ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.